ಇಲಿಯ ನೆನಪು, ಹೊಲದ ಪಾಷಾಣ

ರೊದ್ದಂ, ಹಿಂದೂಪುರ, ಕಲ್ಯಾಣದುರ್ಗದ ಕೆಂಪು ನೆಲದಲ್ಲಿ ಮಳೆಯನ್ನೇ ನಂಬಿ ಕಡಲೆಕಾಯಿ ಬೆಳೆಯುವ ರೈತರಿಗೆ ಇಲಿ, ಹೆಗ್ಗಣಗಳ ಕಾಟ ಹೊಸದಲ್ಲ; ಮೊದಲ ಸಲ ಇಟ್ಟ ಪಾಷಾಣಕ್ಕೆ ಒಂದಷ್ಟು ಸತ್ತ ಮೇಲೆ, ಉಳಿದವು ಅದೇ ತಿಂಡಿಯತ್ತ ಸುಳಿಯದಿರುವುದೂ ಹೊಸದಲ್ಲ. ಕೃಷಿ ವಿಜ್ಞಾನದಲ್ಲಿ ಇದಕ್ಕೆ ‘ಬೈಟ್ ಶೈನೆಸ್’, ಅಂದರೆ ವಿಷದ ತಿಂಡಿಯ ಅಂಜಿಕೆ ಎಂದು ಹೆಸರು. ಸತುವಿನ ರಂಜಕವೆಂದು ಕರೆಯುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಬೆರೆತು ಫಾಸ್ಫೀನ್ ಎಂಬ ವಿಷಾನಿಲವನ್ನು ಬೇಗನೆ ಬಿಡುಗಡೆ ಮಾಡುವುದರಿಂದ, ಹೊಸ ತಿನಿಸನ್ನು ಚೂರೇ ಚೂರು ತಿಂದು ನೋಡುವ ಇಲಿಯು ಕಾಯಿಲೆ ಬಿದ್ದು ಬದುಕಿಕೊಂಡರೆ ಆ ರುಚಿಯನ್ನು ಮತ್ತೆ ಮುಟ್ಟುವುದಿಲ್ಲ.

ಇದಕ್ಕೆ ಉಪಾಯ ಹೊಳೆದದ್ದು ಕಾರಣ ತಿಳಿಯುವುದಕ್ಕಿಂತ ಮೊದಲು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಧಾನ್ಯವನ್ನು ಉಳಿಸಲು ಆಕ್ಸ್‌ಫರ್ಡಿನಲ್ಲಿ ಚಾರ್ಲ್ಸ್ ಎಲ್ಟನ್ ಅವರ ತಂಡವು ಇಲಿಗಳ ನಡವಳಿಕೆಯನ್ನು ಅಭ್ಯಸಿಸಿ, ಮೊದಲು ವಿಷವಿಲ್ಲದ ತಿಂಡಿಯನ್ನಿಟ್ಟು ರೂಢಿ ಮಾಡಿಸಿ ಅನಂತರ ಅದರಲ್ಲೇ ವಿಷ ಬೆರೆಸುವ ಕ್ರಮವನ್ನು ಬಳಕೆಗೆ ತಂದಿತು.

ಕಾರಣವನ್ನು ತೋರಿಸಿಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾರ್ಸಿಯಾ. 1966ರಲ್ಲಿ ಅವರೂ ರಾಬರ್ಟ್ ಕೋಲಿಂಗ್ ಅವರೂ ನಡೆಸಿದ ಪ್ರಯೋಗದಲ್ಲಿ, ಇಲಿಯು ನಳಿಗೆಗೆ ನಾಲಗೆ ತಾಗಿಸಿದೊಡನೆ ನೀರಿನ ರುಚಿಯ ಜೊತೆಗೇ ದೀಪ ಮಿನುಗಿ ಸದ್ದಾಗುತ್ತಿತ್ತು. ಹೀಗೆ ಹಲವು ಸಂವೇದನೆಗಳು ಕೂಡಿಬಂದ ಪ್ರಚೋದನೆಯ ಬಳಿಕ ಹೊಟ್ಟೆ ಕೆಡಿಸಿಕೊಂಡ ಇಲಿಗಳು ಆ ರುಚಿಯನ್ನು ದೂರವಿಟ್ಟವು, ಬೆಳಕು ಮತ್ತು ಸದ್ದನ್ನು ಲೆಕ್ಕಿಸಲಿಲ್ಲ. ವಿದ್ಯುತ್ ಆಘಾತ ತಗುಲಿದ ಇಲಿಗಳು ಬೆಳಕು ಮತ್ತು ಸದ್ದಿಗೆ ಹೆದರಿದವು, ರುಚಿಗೆ ಹೆದರಲಿಲ್ಲ. ರುಚಿಗೂ ಕಾಯಿಲೆಗೂ ನಡುವೆ ಒಂದು ಗಂಟೆಗೂ ಹೆಚ್ಚು ಅಂತರವಿದ್ದರೂ ಕಲಿಕೆ ಉಂಟಾಗುತ್ತದೆಂದು ಅದೇ ವರ್ಷದ ಇನ್ನೊಂದು ಪ್ರಯೋಗ ತೋರಿಸಿತು. ಯಾವ ಸೂಚನೆಯನ್ನು ಯಾವ ಪರಿಣಾಮಕ್ಕೆ ಬೇಕಾದರೂ ಗಂಟು ಹಾಕಬಹುದು, ಎರಡರ ನಡುವಿನ ಅಂತರ ಮಾತ್ರ ಕೆಲವೇ ಕ್ಷಣಗಳದ್ದಾಗಿರಬೇಕು ಎಂಬ ಅಂದಿನ ನಂಬಿಕೆ ಇದರಿಂದ ಅಲುಗಾಡಿತು.

ನಮ್ಮ ಹೊಲಗಳಿಗೆ ಕೃಷಿ ತಜ್ಞರು ಹೇಳುವ ಕ್ರಮದಲ್ಲಿ ಈ ತಿಳಿವಳಿಕೆಯೇ ಅಡಗಿದೆ: ಎರಡು ಮೂರು ದಿನ ಎಣ್ಣೆ ಸವರಿದ ಬರಿಯ ನುಚ್ಚನ್ನಿಟ್ಟು, ಬಳಿಕ 96 ಗ್ರಾಂ ನುಚ್ಚಿಗೆ 2 ಗ್ರಾಂ ಎಣ್ಣೆ, 2 ಗ್ರಾಂ ಜಿಂಕ್ ಫಾಸ್ಫೈಡ್ ಬೆರೆಸಿ ಇಡಬೇಕು, ಬದುಕುಳಿದವಕ್ಕೆ ಅದೇ ವಿಷವನ್ನು ಮತ್ತೆ ಬಳಸದೆ, ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ನಂತರ ಕೊಲ್ಲುವ, ಆದ್ದರಿಂದ ತಿಂಡಿಯ ಮೇಲೆ ಅನುಮಾನ ಹುಟ್ಟಿಸದ ಬ್ರೋಮಡಿಯೋಲೋನ್ ಇಡಬೇಕು. ಜಿಂಕ್ ಫಾಸ್ಫೈಡಿಗೆ ನಿರ್ದಿಷ್ಟ ಪ್ರತಿವಿಷವಿಲ್ಲವಾದ್ದರಿಂದ ಮಕ್ಕಳಿಗೂ ದನಕರುಗಳಿಗೂ ಎಟುಕದಂತೆ ಬಿಲದೊಳಗೇ ಇಡುವುದು ಅಗತ್ಯ. ಒಬ್ಬರ ಹೊಲದಲ್ಲಿ ಸತ್ತ ಇಲಿಗಳ ಜಾಗಕ್ಕೆ ಪಕ್ಕದ ಹೊಲದವು ಬಂದು ಸೇರುವುದರಿಂದ, ಊರಿನ ರೈತರೆಲ್ಲರೂ ಕೂಡಿ ಒಂದೇ ಸಮಯದಲ್ಲಿ ಈ ಕೆಲಸಕ್ಕೆ ಕೈಹಾಕಬೇಕು.