ಊರಿಗೊಂದು ಕೈತೋಟ ಕೂಟ: ಚಹಾ, ಹರಟೆ ಮತ್ತು ಬೀಜದ ಡಬ್ಬಿ

ಮಳೆಗಾಲ ಹತ್ತಿರ ಬಂತು ಅಂದ್ರೆ ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ನಾಟಿ ತರಕಾರಿ ಬೀಜ ಎಲ್ಲಿ ಸಿಗುತ್ತೆ ಸರ್? ವಿಳಾಸ ಇದ್ರೆ ಕಳಿಸಿ." ನಾನು ಕೇಳೋದು ಇಷ್ಟೇ: ನಿಮ್ಮ ಪಕ್ಕದ ಮನೆಯಲ್ಲಿ ಕೇಳಿದ್ರಾ? ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರೋದಿಲ್ಲ. ಪಕ್ಕದ ಮನೆಗೆ ಹೋಗಿ ಕೂತು ಮಾತಾಡಿ ಎಷ್ಟು ದಿನ ಆಯ್ತು ಅಂತ ಅವರು ಲೆಕ್ಕ ಹಾಕ್ತಿರ್ತಾರೆ ಅಂತ ನನ್ನ ಅಂದಾಜು.

ಅದಕ್ಕೇ ಈ ವಾರ ಜೀವಾಮೃತ, ಕೊಳೆರೋಗ ಎಲ್ಲ ಬದಿಗಿಟ್ಟು ಊರಿನ ಕೂಟಗಳ ಬಗ್ಗೆ ಬರೆಯುತ್ತಿದ್ದೇನೆ. ಇದು ಕೃಷಿಯ ವಿಷಯವಾ ಅಂತ ಕೇಳಬೇಡಿ. ಓದುತ್ತಾ ಹೋದರೆ ಗೊತ್ತಾಗುತ್ತೆ.

ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಊರು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ನಾನು ಚಿಕ್ಕವನಿದ್ದಾಗ ಕೊಯ್ಲಿನ ಕಾಲದಲ್ಲಿ ರಾತ್ರಿ ಊಟ ಮುಗಿಸಿ ಹತ್ತಿಪ್ಪತ್ತು ಜನ ಒಂದು ಮನೆಯಲ್ಲಿ ಸೇರಿ ಅಡಿಕೆ ಸುಲೀತಿದ್ರು. ಕೈಯಲ್ಲಿ ಕೆಲಸ, ಬಾಯಲ್ಲಿ ಕಥೆ. ಯಾರ ಮನೆ ಎಮ್ಮೆ ಕರು ಹಾಕ್ತು, ಯಾವ ಊರಲ್ಲಿ ತಾಳಮದ್ದಳೆ, ಯಾರ ಬದನೆ ಗಿಡಕ್ಕೆ ಕಾಯಿ ಕೊರಕ ಬಂತು, ಎಲ್ಲ ಅಲ್ಲೇ ಗೊತ್ತಾಗ್ತಿತ್ತು. ಏಳುವಾಗ ಯಾರದೋ ಸೆರಗಿನ ತುದಿಯಲ್ಲಿ ನಾಲ್ಕು ಹೀರೆ ಬೀಜ ಗಂಟು ಹಾಕಿಕೊಂಡು ಹೋಗೋದೂ ಇತ್ತು. ಆಮೇಲೆ ಸುಲಿಯುವ ಯಂತ್ರ ಬಂತು. ಯಂತ್ರವನ್ನು ನಾನು ಬೈಯುವುದಿಲ್ಲ, ನಮ್ಮನೆಯಲ್ಲೂ ಇದೆ. ಆಳಿಲ್ಲದ ಕಾಲದಲ್ಲಿ ಅದಿಲ್ಲದಿದ್ದರೆ ಅಡಿಕೆ ಅಂಗಳದಲ್ಲೇ ಹಾಳಾಗ್ತಿತ್ತು. ಆದರೆ ರಾತ್ರಿಯ ಆ ಗುಂಪು ಅದರ ಜೊತೆ ಹೋಯ್ತು, ಬೀಜ ಓಡಾಡುವ ದಾರಿಯೂ ಹೋಯ್ತು.

ಮಲೆನಾಡಿಗೆ ಹವ್ಯಾಸಿ ಸಂಘಗಳು ಹೊಸದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಊರಿನವರು ಸೇರಿ ನಾಟಕ ಮಾಡೋಣ ಅಂತ ಕಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಇವತ್ತಿನ ನೀನಾಸಂ. ಅಡಿಕೆ ಬೆಳೆಗಾರರ ಊರಿನ ಕೂಟ ಅದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಕೃಷಿಯ ಕಡೆ ನೋಡಿದರೆ ನಮ್ಮ ಶಿರಸಿಯಲ್ಲೇ ವನಸ್ತ್ರೀ ಇದೆ. ಕೈತೋಟ ಮಾಡುವ ಹೆಣ್ಣುಮಕ್ಕಳು 2001ರಿಂದ ಬೀಜ ಉಳಿಸಿಕೊಂಡು, ಹಂಚಿಕೊಂಡು ಬಂದಿರುವ ಗುಂಪು. ಅವರ ಮಲೆನಾಡ ಮೇಳಕ್ಕೆ ಹೋದವರಿಗೆ ಗೊತ್ತು, ಒಂದೊಂದು ಮೇಜಿನ ಮೇಲೆ ಎಷ್ಟು ಬಗೆ ಅವರೆ, ಎಷ್ಟು ಬಗೆ ಗೆಡ್ಡೆ ಇರುತ್ತೆ ಅಂತ. ಜೋಯಿಡಾದಲ್ಲಿ ಕುಣಬಿ ಸಮುದಾಯದವರು ನಡೆಸುವ ಗೆಡ್ಡೆ-ಗೆಣಸು ಮೇಳವೂ ಅಂಥದ್ದೇ. ಇವನ್ನೆಲ್ಲ ನೋಡಿಯೇ ನಮ್ಮೂರಲ್ಲೂ 2018ರಲ್ಲಿ ಒಂದು ಸಣ್ಣ ಕೂಟ ಶುರುವಾಯ್ತು.

ಹೆಸರು ಏನೂ ದೊಡ್ಡದಿಲ್ಲ, ಕೈತೋಟ ಕೂಟ ಅಂತೀವಿ. ನೋಂದಣಿ ಇಲ್ಲ, ಅಧ್ಯಕ್ಷರಿಲ್ಲ, ಬೋರ್ಡಿಲ್ಲ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ 3 ಗಂಟೆಗೆ ಸೇರೋದು, 5ಕ್ಕೆ ಏಳೋದು, ಯಾಕಂದ್ರೆ ಹಾಲು ಕರೆಯೋ ಹೊತ್ತು ಯಾರಿಗೂ ಕಾಯೋದಿಲ್ಲ. ಬರುವವರು ಒಮ್ಮೆ 30 ಜನ, ಒಮ್ಮೆ 8 ಜನ. ಬರುವಾಗ ಏನಾದರೂ ಒಂದು ತರಬೇಕು: ಬೀಜ, ಗೆಡ್ಡೆ, ಬಳ್ಳಿಯ ತುಂಡು, ಏನೂ ಇಲ್ಲದಿದ್ದರೆ ರೋಗ ಬಂದ ಎಲೆಯಾದರೂ ಸರಿ. ಎಲೆ ತಂದವರಿಗೇ ಜಾಸ್ತಿ ಮರ್ಯಾದೆ, ಯಾಕಂದ್ರೆ ಅದರ ಮೇಲೆ ಒಂದು ಗಂಟೆ ಚರ್ಚೆ ಗ್ಯಾರಂಟಿ.

ಎಲ್ಲಿ ಸೇರೋದು ಅನ್ನೋದೇ ಮೊದಲು ಬಂದ ಕಷ್ಟದ ಪ್ರಶ್ನೆ. ಯಾರದೋ ಮನೆ ಜಗಲಿ ಅಂತ ಎಲ್ಲರೂ ಅಂದರು. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಎಲ್ಲರ ಮನೆ ಜಗಲಿಯ ಮೇಲೆ ಎಲ್ಲರೂ ಕೂರೋದಿಲ್ಲ. ಕೆಲವರು ಅಂಗಳದಲ್ಲೇ ನಿಲ್ತಾರೆ, ಕರೆದರೂ ಮೇಲೆ ಬರೋದಿಲ್ಲ. ಊರಿನ ಭಜನೆ, ತಾಳಮದ್ದಳೆ ಕೂಟಗಳು ಆಯಾ ಕೇರಿಯಲ್ಲೇ ಉಳಿದದ್ದು ಹೀಗೇ. ಆದರೆ ಗೆಡ್ಡೆ, ಸೊಪ್ಪು, ಕಾಡಿನ ಕಾಯಿಯ ಬಗ್ಗೆ ಊರಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿರೋದು ಹಾಗೆ ಅಂಗಳದಲ್ಲಿ ನಿಲ್ಲುವವರಿಗೇ. ಅವರನ್ನು ಬಿಟ್ಟು ಬೀಜದ ಕೂಟ ಮಾಡೋದು ಅಂದ್ರೆ ಅದು ಬರೀ ಚಹಾ ಕೂಟ. ಕೊನೆಗೆ ಶಾಲೆಯ ಜಗಲಿ ಅಂತ ತೀರ್ಮಾನ ಆಯ್ತು. ಕುರ್ಚಿ ಇಲ್ಲ, ಎಲ್ಲರಿಗೂ ಚಾಪೆ, ದುಂಡಗೆ ಕೂರೋದು. ಮೊದಲ ಎರಡು ಭಾನುವಾರ ಒಂದಿಬ್ಬರು ಹಿರಿಯರು ಬರಲಿಲ್ಲ. ಮೂರನೇ ಸಲ ಕರಿಕೆಸುವಿನ ಸಸಿ ಹಂಚ್ತಾರೆ ಅಂತ ಸುದ್ದಿ ಹೋದ ಮೇಲೆ ಬಂದರು. ನನ್ನಜ್ಜನ ಎದುರು ಕೈಕಟ್ಟಿ ನಿಲ್ಲುತ್ತಿದ್ದ ಮನೆಯ ಅಮ್ಮ ಒಬ್ಬರು ಈಗ ಅದೇ ಚಾಪೆಯ ಮೇಲೆ ಕೂತು ನನಗೆ, "ತಮ್ಮಾ, ನೀ ಓದಿದ್ದು ಇರ್ಲಿ, ಕೆಸುವಿಗೆ ಬೂದಿ ಯಾವಾಗ ಹಾಕ್ಬೇಕು ಹೇಳು ನೋಡ್ವ" ಅಂತ ಪರೀಕ್ಷೆ ಮಾಡ್ತಾರೆ. ಇಷ್ಟಕ್ಕೇ ಊರು ಬದಲಾಯ್ತು ಅಂತ ನಾನು ಹೇಳೋದಿಲ್ಲ. ಮದುವೆ ಮನೆ ಪಂಕ್ತಿಗಳು ಇದ್ದ ಹಾಗೇ ಇವೆ.

ಈಗ ತೋಟಗಾರಿಕೆ ಓದಿದವನಾಗಿ ಒಂದು ಮಾತು. ತರಕಾರಿ ಬೀಜ ಉಳಿಸೋಕೆ ಗುಂಪು ಬೇಕೇ ಬೇಕು, ಅದಕ್ಕೆ ಶಾಸ್ತ್ರೀಯ ಕಾರಣ ಇದೆ. ಅಲಸಂದೆ, ಬೀನ್ಸ್ ತಮ್ಮಷ್ಟಕ್ಕೆ ತಾವೇ ಪರಾಗಸ್ಪರ್ಶ ಮಾಡಿಕೊಳ್ಳುವಂಥವು. ಎರಡು ಜಾತಿ ಹತ್ತಿರ ಹಾಕಿದರೂ ಹೆಚ್ಚೇನೂ ಬೆರೆಯೋದಿಲ್ಲ. ಬದನೆ, ಮೆಣಸು ಸ್ವಲ್ಪ ಬೆರೆಯುತ್ತವೆ. ಆದರೆ ಹೀರೆ, ಹಾಗಲ, ಪಡುವಲ, ಸೋರೆ, ಸೌತೆ ಇವುಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಜೇನು, ಪತಂಗಗಳು ಬಂದರೇನೇ ಕಾಯಿ. ಒಂದೇ ಹಿತ್ತಿಲಲ್ಲಿ ಎರಡು ಜಾತಿ ಹಾಗಲ ಹಾಕಿ ಬೀಜ ಹಿಡಿದರೆ ಮುಂದಿನ ವರ್ಷ ಬರೋದು ಅದೂ ಅಲ್ಲ, ಇದೂ ಅಲ್ಲ. ಪ್ರಮಾಣಿತ ಬೀಜೋತ್ಪಾದನೆಯಲ್ಲಿ ಈ ಬಳ್ಳಿ ತರಕಾರಿಗಳಿಗೆ 500 ಮೀಟರ್ ಅಂತರ ಕೇಳ್ತಾರೆ. ಅಷ್ಟು ಜಾಗ ಒಬ್ಬರ ಹತ್ತಿರ ಎಲ್ಲಿದೆ? ಊರಿನ ಹತ್ತಿರ ಇದೆ. ನಮ್ಮಲ್ಲಿ ಮನೆಗಳು ಚದುರಿರುವುದೇ ಲಾಭ. ಮೇ ತಿಂಗಳ ಕೂಟದಲ್ಲಿ ಕೂತು ಹಂಚಿಕೊಳ್ತೀವಿ: ಹಳ್ಳದ ಆಚೆ ಮನೆಗೆ ಬಿಳಿ ಹಾಗಲ, ಗುಡ್ಡದ ಮೇಲಿನ ಮನೆಗೆ ಸಣ್ಣ ಮುಳ್ಳು ಹಾಗಲ, ದೇವಸ್ಥಾನದ ಹತ್ತಿರದವರಿಗೆ ಉದ್ದ ಹೀರೆ. ಅವರವರು ಅದನ್ನೇ ಬೆಳೆದು, ಅದರದ್ದೇ ಬೀಜ ಹಿಡಿದು, ದೀಪಾವಳಿ ಕಳೆದ ಮೇಲೆ ಎಲ್ಲರಿಗೂ ಕೊಡಬೇಕು. ಹತ್ತಿರ ಹತ್ತಿರ ಇರುವ ಬಯಲುಸೀಮೆ ಊರುಗಳಲ್ಲಿ ಇದು ಕಷ್ಟ. ಅಲ್ಲಿ ಹೆಣ್ಣು ಹೂವಿಗೆ ಅರಳುವ ಮುಂಚೆಯೇ ತೆಳು ಬಟ್ಟೆಯ ಚೀಲ ಕಟ್ಟಿ, ಹಾಗೇ ಮುಚ್ಚಿಟ್ಟ ಗಂಡು ಹೂವಿನಿಂದ ಕೈಯಾರೆ ಪರಾಗ ಮುಟ್ಟಿಸಿ, ಮತ್ತೆ ಚೀಲ ಕಟ್ಟಿ ಕಾಯಿಗೆ ದಾರದ ಗುರುತು ಹಾಕಿ. ಹೀರೆ ಹೂ ಸಂಜೆ ಅರಳುತ್ತೆ, ಹಾಗಲದ್ದು ಬೆಳಿಗ್ಗೆ, ಸಮಯ ನೋಡಿಕೊಳ್ಳಿ.

ಬೀಜ ಒಣಗಿಸುವ ಪಾಠ ನನಗೆ ಕಾಲೇಜಿಗಿಂತ ಹೆಚ್ಚು ಸಿಕ್ಕಿದ್ದು ಕೂಟದ ಒಬ್ಬರು ಆಯಿಯಿಂದ. ಅವರ ಮಾತು ಒಂದೇ, "ಬಿಸ್ಲಿಗೆ ಒಣಗ್ಸಡ ತಮಾ, ನೆಳ್ಳಲ್ಲಿ ಹಾಕು." ಪೂರ್ತಿ ಬಲಿತ ಕಾಯಿಯ ಬೀಜ ತೆಗೆದು, ಲೋಳೆ ಇದ್ದರೆ ಒಂದು ದಿನ ನೆನೆಯಲು ಬಿಟ್ಟು ತೊಳೆದು, ತೇಲಿದ್ದನ್ನು ಚೆಲ್ಲಿ, ನೆರಳಲ್ಲಿ ಗಾಳಿಗೆ ಹರಡಿ. ಹಲ್ಲಿಗೆ ಕಚ್ಚಿದರೆ ಬಾಗಬಾರದು, ಟಕ್ ಅಂತ ಮುರೀಬೇಕು. ಆಮೇಲೆ ಒಣ ಬೂದಿಯ ಜೊತೆ ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ ಅಟ್ಟದ ಮೇಲಿಡಿ. ಚೀಟಿಯಲ್ಲಿ ಜಾತಿ, ವರ್ಷ, ಕೊಟ್ಟ ಮನೆ, ಮೂರೂ ಬರೆಯಬೇಕು. ಮೂರನೆಯದನ್ನು ಬಿಡಬೇಡಿ, ಬೀಜ ಕಳೆದುಹೋದಾಗ ಹುಡುಕಿಕೊಂಡು ಹೋಗೋಕೆ ಅದೇ ದಾರಿ.

ಇದು ಎಷ್ಟು ನಿಜ ಅಂತ ಗೊತ್ತಾಗಿದ್ದು ಅಪ್ಪೆಮಿಡಿ ವಿಷಯದಲ್ಲಿ. ನಮ್ಮ ಕಡೆ ಉಪ್ಪಿನಕಾಯಿ ಮಾವು ಅಂದ್ರೆ ಹೊಳೆ, ಹಳ್ಳದ ದಂಡೆಯ ಅಪ್ಪೆ ಮರಗಳದ್ದು. ಅನಂತಭಟ್ಟನ ಅಪ್ಪೆ, ಮಾಳಂಜಿಯಂಥ ಹೆಸರಾದ ಜಾತಿಗಳಿವೆ. ಹೆಸರೇ ಇಲ್ಲದ, ಒಂದೇ ಮರ ಇರುವಂಥವು ಇನ್ನೂ ಎಷ್ಟೋ. ನಮ್ಮೂರಲ್ಲಿ ಅಂಥ ಒಂದು ಮರ ಒಂಟಿಯಾಗಿರುವ ಅದೇ ಆಯಿಯ ಹಳ್ಳದ ದಂಡೆಯಲ್ಲಿತ್ತು. ಮಿಡಿ ಮುರಿದರೆ ಸೊನೆಗೆ ಜೀರಿಗೆಯ ವಾಸನೆ. ಮಕ್ಕಳು ಬೆಂಗಳೂರಲ್ಲಿ. ಮರ ಹತ್ತಿ ಮಿಡಿ ಕೊಯ್ಯೋರೂ ಇರಲಿಲ್ಲ.

2019ರ ಜುಲೈ ಕೂಟವನ್ನು ಕಸಿ ಕಟ್ಟುವ ದಿನ ಅಂತ ಮಾಡಿದೆವು. ಹತ್ತು ದಿನ ಮುಂಚೆ ಮರ ಹತ್ತಿ, ಮೂರ್ನಾಲ್ಕು ತಿಂಗಳು ಬಲಿತ ಚಿಗುರುಗಳ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಟ್ಟು ಬಂದಿದ್ದೆ. ತೊಟ್ಟು ಉದುರಿ ಮೊಗ್ಗು ಉಬ್ಬಿದ ಕಡ್ಡಿಗಳನ್ನು ತಂದು, ಕಾಟುಮಾವಿನ ಗೊರಟೆ ಗಿಡಗಳ ಎಳೆ ಕಾಂಡಕ್ಕೆ ಬೆಣೆ ಕಸಿ ಮಾಡಿದ್ವಿ. ಬ್ಲೇಡಿನಲ್ಲಿ ಒಂದೇ ಎಳೆತಕ್ಕೆ ಕತ್ತರಿಸಬೇಕು, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಬೇಕು, ಮೇಲೆ ಐಸ್‌ಕ್ಯಾಂಡಿ ಕವರ್ ಟೊಪ್ಪಿಗೆ. ಶಾಲೆಯ ಹುಡುಗಿಯೊಬ್ಬಳ ಕೈ ನಮ್ಮೆಲ್ಲರಿಗಿಂತ ಚುರುಕಿತ್ತು. 40 ಕಟ್ಟಿದ್ದರಲ್ಲಿ 26 ಹಿಡಿದವು. ಮನೆಗೊಂದರಂತೆ ಹಂಚಿ, ಯಾವ ಮನೆಗೆ ಹೋಯ್ತು ಅಂತ ಶಾಲೆಯ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು.

2021ರ ಜುಲೈ ಮಳೆಯನ್ನು ಉತ್ತರ ಕನ್ನಡದವರು ಮರೆಯೋದಿಲ್ಲ. ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಜಾರಿ ತೋಟ, ರಸ್ತೆ ಎಲ್ಲ ಹೋದ ವರ್ಷ ಅದು. ನಮ್ಮ ಹಳ್ಳದ ದಂಡೆಯೂ ಕೊಚ್ಚಿತು, ಜೊತೆಗೆ ಆ ಮರವೂ. ಮಾವಿನ ಗೊರಟೆಯಿಂದ ಎದ್ದ ಗಿಡ ತಾಯಿಯ ಹಾಗೇ ಬರುತ್ತೆ ಅನ್ನೋ ಭರವಸೆ ಇಲ್ಲ. ಹಾಗಾಗಿ ಆ ಜೀರಿಗೆ ವಾಸನೆ ಉಳಿದಿದ್ದರೆ ನೋಟ್‌ಬುಕ್ಕಿನಲ್ಲಿದ್ದ 26 ಮನೆಗಳ ಹಿತ್ತಿಲಲ್ಲಿ ಮಾತ್ರ. ಹೋಗಿ ನೋಡಿದರೆ ಅದರಲ್ಲೂ ದನ ತಿಂದದ್ದು, ನೀರಿಲ್ಲದೆ ಒಣಗಿದ್ದು ಕಳೆದು ಉಳಿದದ್ದು 11. 2024ರ ಮಾರ್ಚಿನಲ್ಲಿ ಒಂದು ಗಿಡ ಮೊದಲ ಸಲ ಮಿಡಿ ಬಿಟ್ಟಿತು, ಎಣಿಸಿ ಒಂಬತ್ತು. ಎರಡನ್ನು ಆಯಿಯ ಕೈಗೆ ಕೊಟ್ಟೆವು. ತೊಟ್ಟು ಮುರಿದು ಮೂಸಿದರು, "ಹೌದು, ಅದೇಯಾ" ಅಂದರು. ಆಮೇಲೆ, ಉಪ್ಪು ಕಡಿಮೆ ಹಾಕಿ ಹಾಳು ಮಾಡ್ತೀರಿ ಅಂತ ಬೈದು ಉಳಿದ ಏಳನ್ನೂ ತಾವೇ ಇಟ್ಟುಕೊಂಡರು.

ಈ ಸುದ್ದಿ ಹರಡಿದ ಮೇಲೆ ನಮ್ಮ ಕೂಟಕ್ಕೆ ಸಲಹೆಗಳು ಶುರುವಾದವು. ನೋಂದಣಿ ಮಾಡಿಸಿ, ರೈತ ಉತ್ಪಾದಕ ಸಂಸ್ಥೆ ಮಾಡಿ, ಅಪ್ಪೆ ಸಸಿ ಮಾರಿ ಅಂತ. ತಪ್ಪೇನಲ್ಲ. ಕೇಂದ್ರದ 2020ರ ಯೋಜನೆಯಲ್ಲಿ ಅದಕ್ಕೆ ನೆರವೂ ಇದೆ. ಆದರೆ ಬಯಲು ಪ್ರದೇಶದಲ್ಲಿ ಕನಿಷ್ಠ 300, ಗುಡ್ಡಗಾಡಿನಲ್ಲಿ 100 ಸದಸ್ಯರು ಬೇಕು, ಷೇರು, ಲೆಕ್ಕಪತ್ರ, ನಿರ್ದೇಶಕ ಮಂಡಳಿ ಎಲ್ಲ ಬೇಕು. ಸಾದಾ ಸಂಘ ಮಾಡಿಸಿದರೂ ವರ್ಷ ವರ್ಷ ಲೆಕ್ಕ ತಪಾಸಣೆ ಇದ್ದೇ ಇದೆ. ಎರಡು ಭಾನುವಾರ ಇದರ ಮೇಲೇ ಜಗಳ ಆಯ್ತು. ಯುವಕರಿಗೆ ಆದಾಯ ಬೇಕು, ಅದು ನ್ಯಾಯವೇ. ಇಲ್ಲದಿದ್ದರೆ ಅವರೂ ಬಸ್ ಹತ್ತುತ್ತಾರೆ. ಹಿರಿಯರಿಗೆ ಹೆದರಿಕೆ, ದುಡ್ಡು ಬಂದರೆ ಬೀಜ ಬಚ್ಚಿಡೋದು ಶುರುವಾಗುತ್ತೆ ಅಂತ. ಅದೂ ನಿಜವೇ. ಒಂದು ವರ್ಷ ದೊಡ್ಡ ಸೋರೆಗೆ ಬಹುಮಾನ ಅಂತ ಇಟ್ಟಿದ್ದಕ್ಕೇ ಇಬ್ಬರು ಬೀಜ ಕೊಡೋದು ನಿಲ್ಲಿಸಿದ್ದರು. ಸದ್ಯಕ್ಕೆ ಆದ ಏರ್ಪಾಡು ಹೀಗೆ: ನಾಲ್ವರು ಹುಡುಗರು ಬೇರೆಯಾಗಿ ನರ್ಸರಿ ಮಾಡಿದ್ದಾರೆ, ಸಸಿ ಮಾರ್ತಾರೆ. ಮರದ ಮನೆಯವರಿಗೆ ಕಡ್ಡಿಗೆ ಇಷ್ಟು ಅಂತ ಕೊಡ್ತಾರೆ. ಕೂಟದ ಚಾಪೆಯ ಮೇಲೆ ಮಾತ್ರ ಮಾರಾಟ ಇಲ್ಲ. ನನಗೆ ಈ ಏರ್ಪಾಡು ಸರಿ ಕಾಣುತ್ತೆ, ಎಲ್ಲರಿಗೂ ಅಲ್ಲ. ಇನ್ನೂ ಮಾತುಕತೆ ನಡೀತಾ ಇದೆ.

ಅಂದಹಾಗೆ, ಬೀಜ ಹಂಚಿದರೆ ಕಾನೂನಿನ ತೊಂದರೆ ಇದೆಯಾ ಅಂತ ತುಂಬಾ ಜನ ಕೇಳ್ತಾರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತ ತನ್ನ ಬೀಜ ಉಳಿಸಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಾಕಿ ಮಾರುವಂತಿಲ್ಲ ಅಷ್ಟೇ.

ನಿಮ್ಮೂರಲ್ಲೂ ಶುರು ಮಾಡೋದಾದರೆ ದೊಡ್ಡ ಉದ್ಘಾಟನೆ ಬೇಡ, ಐದು ಮನೆ ಸಾಕು. ದಿನ ಬದಲಾಯಿಸಬೇಡಿ, ಇಬ್ಬರೇ ಬಂದರೂ ಇಬ್ಬರೇ ಕೂತು ಏಳಿ. ಔಷಧಿ ಕಂಪನಿಯವರನ್ನು ಭಾಷಣಕ್ಕೆ ಕರೆಯಬೇಡಿ. ಪಂಚಾಯ್ತಿ ಚುನಾವಣೆ ಹತ್ತಿರ ಬಂದಾಗ ಎರಡು ತಿಂಗಳು ಬರೀ ಕಸಿ, ಬರೀ ಬೀಜ, ಬೇರೆ ಮಾತು ಬೇಡ. ವಾಟ್ಸಾಪ್ ಗುಂಪು ಇರಲಿ, ಕೂಟದ ದಿನ ನೆನಪಿಸೋಕೆ. ನಮ್ಮದರಲ್ಲಿ ಈಗ ಶುಭೋದಯದ ಹೂವಿನ ಚಿತ್ರಗಳೇ ಜಾಸ್ತಿ. ಮಳೆ ಹಿಡಿದ ಕೂಡಲೇ ಮಾಡುವ ಮೊದಲ ಕೂಟಕ್ಕೆ ಕಸಿ ಇಟ್ಟುಕೊಳ್ಳಿ. ಕಾಟುಮಾವಿನ ಗೊರಟೆಗಳನ್ನು ಈಗಲೇ ಹೆಕ್ಕಿ, ತೊಳೆದು, ಒಣಗುವ ಮುಂಚೆ ಮರಳಿನ ಪಾತಿಯಲ್ಲಿ ಹೂತಿಡಿ. ತಿಂಗಳಿಟ್ಟು ಹಾಕಿದರೆ ಹುಟ್ಟೋದಿಲ್ಲ.