ಸಂಘದ ಕಛೇರಿಗೆ ಇಂಟರ್‌ನೆಟ್ ದೂರವಾಣಿ: ಬೇಕೇ, ಬೇಡವೇ?



ಕಳೆದ ಸುಗ್ಗಿಯಲ್ಲಿ ಚನ್ನಗಿರಿ ಕಡೆಯ ನಮ್ಮ ಹಿರಿಯ ಸದಸ್ಯರೊಬ್ಬರು ಒಂದು ಬೆಳಿಗ್ಗೆ ಪೂರ್ತಿ ದಾವಣಗೆರೆ ಕಛೇರಿಗೆ ಫೋನು ಮಾಡಿದರು. ಅಂದಿನ ರಾಶಿ ಧಾರಣೆ ಎಷ್ಟು, ಹರಿಹರದ ಗೋದಾಮಿನಲ್ಲಿ ಮಾಲು ಇಳಿಸಲು ಜಾಗವಿದೆಯೇ ಎಂಬ ಎರಡೇ ಪ್ರಶ್ನೆ. ಲೈನು ಎಂಗೇಜ್. ಮಧ್ಯಾಹ್ನದ ಹೊತ್ತಿಗೆ ಬೇಸತ್ತು, ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಅವನು ಹೇಳಿದ ದರಕ್ಕೇ ಹನ್ನೆರಡು ಚೀಲ ಕೊಟ್ಟುಬಿಟ್ಟರು. ಆಮೇಲೆ ನನ್ನನ್ನು ಕಂಡಾಗ, "ಕಾರ್ಯದರ್ಶಿಗಳೇ, ನಿಮ್ಮ ಫೋನು ಯಾವಾಗ್ಲೂ ಮಾತಾಡ್ತಾನೇ ಇರುತ್ತೆ, ನಮ್ಮ ಜೊತೆ ಮಾತ್ರ ಮಾತಾಡಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ವಿಚಾರ ಆಡಳಿತ ಮಂಡಳಿಯಲ್ಲಿ ಚರ್ಚೆಗೆ ಬಂದಾಗ ಯುವ ನಿರ್ದೇಶಕರೊಬ್ಬರು ಇಂಟರ್‌ನೆಟ್ ದೂರವಾಣಿಯ ಸಲಹೆ ಕೊಟ್ಟರು. ಅದರ ಸಾಧಕ ಬಾಧಕಗಳನ್ನು ತಿಳಿದು ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ತಿಳಿದುಕೊಂಡದ್ದನ್ನು ತಮ್ಮ ಮುಂದೂ ಇಡುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ತಂದೆಯವರು ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಛೇರಿಯ ಬೆಂಚಿನ ಮೇಲೆ ಅರ್ಧ ದಿನ ಕಾಯುತ್ತಿದ್ದರು. 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆ ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ಆರಂಭವಾಯಿತು. ಅಲ್ಲಿಂದ ಮುಂದೆ ಹಳ್ಳಿಗಳಿಗೂ ನೇರ ಡಯಲ್ ಮಾಡುವ ಕಾಲ ಬಂದಿತು. ಆ ವ್ಯವಸ್ಥೆಯಲ್ಲಿ ನಮ್ಮ ಮನೆಯಿಂದ ವಿನಿಮಯ ಕೇಂದ್ರದವರೆಗೆ ಒಂದು ಜೊತೆ ತಾಮ್ರದ ತಂತಿ. ಇಬ್ಬರು ಮಾತನಾಡುವಷ್ಟು ಹೊತ್ತು ಆ ದಾರಿ ಪೂರ್ತಿ ಅವರಿಗೇ ಮೀಸಲು, ಮೂರನೆಯವನು ಕಾಯಬೇಕು.

ಇಂಟರ್‌ನೆಟ್ ದೂರವಾಣಿಯಲ್ಲಿ ಹಾಗಿಲ್ಲ. ನಮ್ಮ ಧ್ವನಿಯನ್ನು ಸಣ್ಣ ಸಣ್ಣ ತುಣುಕು ಮಾಡಿ, ಸಾಮಾನ್ಯವಾಗಿ ಸೆಕೆಂಡಿಗೆ 50ರಂತೆ, ಪ್ರತಿಯೊಂದಕ್ಕೂ ವಿಳಾಸ ಮತ್ತು ಕ್ರಮಸಂಖ್ಯೆ ಬರೆದು ಕಳುಹಿಸುತ್ತದೆ. ಒಂದು ಲಾಟಿನ ಚೀಲಗಳಿಗೆ ನಂಬರು ಹಾಕಿ, ಸಿಕ್ಕ ಸಿಕ್ಕ ಲಾರಿಯಲ್ಲಿ ಬೇರೆಯವರ ಮಾಲಿನ ಜೊತೆ ಕಳುಹಿಸಿ, ಗೋದಾಮಿನಲ್ಲಿ ಮತ್ತೆ ನಂಬರಿನ ಪ್ರಕಾರ ಜೋಡಿಸಿದ ಹಾಗೆ. ತಡವಾಗಿ ಬಂದ ಚೀಲವನ್ನು ಗೋದಾಮು ಇಳಿಸಿಕೊಳ್ಳುವುದಿಲ್ಲ, ಆ ಜಾಗದಲ್ಲಿ ಮಾತು ಕತ್ತರಿಸುತ್ತದೆ. ವಾಟ್ಸಾಪ್ ಕರೆಯಲ್ಲಿ ಧ್ವನಿ ಕೊಚ್ಚಿದಂತೆ ಕೇಳುವುದಕ್ಕೆ ಇದೇ ಕಾರಣ. ಅಷ್ಟೇಕೆ, ಫೈಬರ್ ಸಂಪರ್ಕದ ಜೊತೆ ಕೊಡುವ ಲ್ಯಾಂಡ್‌ಲೈನೂ ಒಳಗಿನಿಂದ ಹೀಗೇ ಕೆಲಸ ಮಾಡುತ್ತದೆ. ನಮ್ಮಲ್ಲಿ ಹಲವರು ತಿಳಿಯದೆಯೇ ಇದನ್ನು ಬಳಸುತ್ತಿದ್ದೇವೆ.

ಮಾರಲು ಬಂದವರು ಮೊದಲು ಹೇಳುವುದು ಖರ್ಚು ಉಳಿಯುತ್ತದೆ ಎಂದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಹೊರದೇಶಗಳಲ್ಲಿ ದೂರದ ಕರೆ ದುಬಾರಿಯಾಗಿದ್ದ ಕಾಲದಲ್ಲಿ ಅದು ನಿಜ. ನಮ್ಮಲ್ಲಿ 2016ರ ದರ ಸಮರದ ನಂತರ ಮೊಬೈಲಿನಲ್ಲಿ ಮಿತಿಯಿಲ್ಲದೆ ಮಾತನಾಡುವ ಯೋಜನೆಗಳು ಸಾಮಾನ್ಯವಾದವು. ಸಂಘವು ಸದಸ್ಯರಿಗೆ ಮಾಡುವ ಕರೆಯಲ್ಲಿ ಉಳಿಸಲು ಏನೂ ಇಲ್ಲ. ಬದಲಿಗೆ ಹೊಸ ವ್ಯವಸ್ಥೆಯಲ್ಲಿ ಒಬ್ಬೊಬ್ಬ ಬಳಕೆದಾರನಿಗೆ ತಿಂಗಳ ಬಾಡಿಗೆ, ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ, ಖರ್ಚು ಹೆಚ್ಚಾದರೂ ಆಶ್ಚರ್ಯವಿಲ್ಲ.

ಹಾಗಿದ್ದರೆ ಲಾಭವೆಲ್ಲಿ? ನಮಗೆ ಬರುವ ಕರೆಯಲ್ಲಿ. ನಮ್ಮ ತೊಂದರೆಯ ಮೂಲ ಹೀಗಿದೆ. ಗೋದಾಮಿನ ಜಾಗದ ಲೆಕ್ಕ ಗೊತ್ತಿರುವುದು ಹರಿಹರದ ಗುಮಾಸ್ತರಿಗೆ, ಸದಸ್ಯರಿಗೆ ಬಾಯಿಪಾಠವಾಗಿರುವ ನಂಬರು ದಾವಣಗೆರೆಯದು. ಆದುದರಿಂದ ದಾವಣಗೆರೆಯವರು ಸದಸ್ಯರನ್ನು ಲೈನಿನಲ್ಲಿ ನಿಲ್ಲಿಸಿ, ತಮ್ಮ ಮೊಬೈಲಿನಿಂದ ಹರಿಹರಕ್ಕೆ ಕೇಳಿ, ಉತ್ತರ ಹೇಳುತ್ತಾರೆ. ಎರಡು ನಿಮಿಷದ ಕೆಲಸಕ್ಕೆ ಆರು ನಿಮಿಷ. ಲೈನು ಎಂಗೇಜ್ ಬರುವುದು ಹೀಗೆ. ಇಂಟರ್‌ನೆಟ್ ದೂರವಾಣಿಯಲ್ಲಿ ಒಂದೇ ನಂಬರಿಗೆ ಏಕಕಾಲಕ್ಕೆ ಹಲವು ಕರೆ ಬರಬಹುದು. ದಾವಣಗೆರೆಯವರು ಎತ್ತಿ ಹರಿಹರಕ್ಕೆ ದಾಟಿಸಿ ತಾವು ಬಿಡುಗಡೆಯಾಗಬಹುದು. ಕೇವಲ ಎಂಗೇಜ್ ತಪ್ಪಿಸಲು ಎರಡನೆಯ ಲೈನು ಹಾಕಿಸಿದರೂ ಸಾಕು ಎಂದು ನಿರ್ದೇಶಕರೊಬ್ಬರು ಹೇಳಿದ್ದು ಸರಿಯೇ. ಆದರೆ ಎರಡನೆಯ ಲೈನು ಹರಿಹರದಲ್ಲಿ ರಿಂಗಾಗುವುದಿಲ್ಲ.

ಇಂಟರ್‌ನೆಟ್ ಎಷ್ಟು ವೇಗ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಸ್ಪಷ್ಟ ಧ್ವನಿಯ ಒಂದು ಕರೆಗೆ ಹೋಗುವ ದಿಕ್ಕಿಗೆ, ಬರುವ ದಿಕ್ಕಿಗೆ ತಲಾ ಸುಮಾರು 90 ಕಿಲೊಬಿಟ್ ಸಾಕು. ಹತ್ತು ಕರೆಗೂ ಒಂದು ಮೆಗಾಬಿಟ್ ದಾಟುವುದಿಲ್ಲ. ವೇಗಕ್ಕಿಂತ ಮುಖ್ಯವಾದದ್ದು ಸ್ಥಿರತೆ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡಿಗಿಂತ ಕಡಿಮೆ ಸಮಯ ಹಿಡಿದರೆ ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅದನ್ನು ಬಹಳ ಮೀರಿದರೆ ಇಬ್ಬರೂ ಒಟ್ಟಿಗೆ ಮಾತನಾಡಿ ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ. ಗೋದಾಮಿನ ಕ್ಯಾಮೆರಾ ಚಿತ್ರಗಳೂ ಅದೇ ಸಂಪರ್ಕದಲ್ಲಿ ಹೋಗುತ್ತಿದ್ದರೆ, ಧ್ವನಿಗೆ ಮೊದಲ ದಾರಿ ಬಿಡುವಂತೆ ರೂಟರಿನಲ್ಲಿ ಹೊಂದಿಸಿಕೊಡಲು ಕೇಳಬೇಕು.

ಈಗ ಕರೆಂಟಿನ ವಿಷಯ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ತಾಮ್ರದ ತಂತಿಯ ಫೋನಿಗೆ ವಿದ್ಯುತ್ತು ಬರುತ್ತಿದ್ದುದು ವಿನಿಮಯ ಕೇಂದ್ರದ 48 ವೋಲ್ಟ್ ಬ್ಯಾಟರಿಯಿಂದ. ಊರೆಲ್ಲ ಕತ್ತಲಾದರೂ ಫೋನು ಜೀವಂತವಾಗಿರುತ್ತಿತ್ತು. ಫೈಬರಿನ ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆಯೇ ಹೊರತು ವಿದ್ಯುತ್ತು ಬರುವುದಿಲ್ಲ. ನಮ್ಮ ಗೋಡೆಯ ಪೆಟ್ಟಿಗೆಗೆ ನಾವೇ ಕರೆಂಟು ಕೊಡಬೇಕು. ಎರಡು ವರ್ಷದ ಹಿಂದೆ ನನ್ನ ತೋಟದ ಮನೆಗೆ ಫೈಬರ್ ಹಾಕಿಸಿ ಹಳೆಯ ತಂತಿಯನ್ನು ಬಿಡಿಸಿದೆ. ಜುಲೈ ಮಳೆಗೆ ಕಂಬ ಬಿದ್ದು ಮೂರು ದಿನ ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಆಳಿನ ಮಗುವಿಗೆ ಜ್ವರ ಏರಿದಾಗ ಜೀಪು ಕರೆಸಲು ರಾತ್ರಿಯಲ್ಲಿ ಎರಡು ಮೈಲಿ ನಡೆದು ಹೋಗಬೇಕಾಯಿತು. ಮಗು ಗುಣವಾಯಿತು. ಪೆಟ್ಟಿಗೆಗೂ ರೂಟರಿಗೂ ಒಂದು ಬ್ಯಾಟರಿ ಇಟ್ಟಿರಲಿಲ್ಲ, ತಪ್ಪು ನನ್ನದೇ. ಬ್ಯಾಟರಿ ಇದ್ದರೂ ಅದು ಕೆಲವು ತಾಸಿನ ಮಾತು, ಮೂರು ದಿನದ್ದಲ್ಲ. ಆದುದರಿಂದ ತರೀಕೆರೆ, ಕೊಪ್ಪದ ಕಡೆಯ ಕಾಫಿ ಸದಸ್ಯರು ಮನೆಯ ತಾಮ್ರದ ಲೈನು ಇನ್ನೂ ಕೆಲಸ ಮಾಡುತ್ತಿದ್ದರೆ ಅವಸರಪಟ್ಟು ತೆಗೆಸಬೇಡಿ.

ನಂಬರಿನ ಬಗ್ಗೆಯೂ ಎಚ್ಚರ ಬೇಕು. 2011ರಲ್ಲಿ ದೇಶದಾದ್ಯಂತ ಬಂದ ನಂಬರು ಉಳಿಸಿಕೊಳ್ಳುವ ಸೌಲಭ್ಯ ಮೊಬೈಲಿಗೆ ಮಾತ್ರ. ದಾವಣಗೆರೆ, ಹರಿಹರ ಎರಡಕ್ಕೂ ಕೋಡ್ 08192. ಸೇತುವೆ ದಾಟಿ ಕುಮಾರಪಟ್ಟಣಕ್ಕೆ ಹೋದರೆ ಬೇರೆ ಜಿಲ್ಲೆ, ಬೇರೆ ಕೋಡ್. ಸದಸ್ಯರ ಪಾಸ್‌ಬುಕ್ಕುಗಳಲ್ಲಿ ಅಚ್ಚಾಗಿರುವ ನಮ್ಮ ಹಳೆಯ ನಂಬರನ್ನು ಹೊಸ ಕಂಪನಿಗೆ ಒಯ್ಯಲಾಗದಿದ್ದರೆ, ಅದನ್ನೂ ಬಾಡಿಗೆ ಕಟ್ಟಿ ಇಟ್ಟುಕೊಂಡು ಅಲ್ಲಿಗೆ ಬಂದ ಕರೆಯನ್ನು ಹೊಸದಕ್ಕೆ ತಿರುಗಿಸುವುದೊಂದೇ ದಾರಿ.

ಕಾನೂನಿನ ವಿಷಯ ಚಿಕ್ಕದು. 2002ರಲ್ಲಿ ನಮ್ಮ ದೇಶದಲ್ಲಿ ಇಂಟರ್‌ನೆಟ್ ದೂರವಾಣಿಗೆ ಅನುಮತಿ ಸಿಕ್ಕಿದರೂ ದೇಶದೊಳಗಿನ ಸಾಮಾನ್ಯ ಫೋನುಗಳಿಗೆ ಕರೆ ಮಾಡುವಂತಿರಲಿಲ್ಲ. 2018ರಲ್ಲಿ ಪರವಾನಗಿದಾರ ಕಂಪನಿಗಳಿಗೆ ಆ ದಾರಿ ತೆರೆಯಿತು, ಅದೇ ವರ್ಷ ಬಿಎಸ್‌ಎನ್‌ಎಲ್ ವಿಂಗ್ಸ್ ಎಂಬ ಸೇವೆಯನ್ನು ಪ್ರಕಟಿಸಿತು. ಹತ್ತಾರು ಸಿಮ್ ತುಂಬಿದ ಪೆಟ್ಟಿಗೆ ತಂದು ಅಗ್ಗದಲ್ಲಿ ಹೊರದೇಶದ ಕರೆ ಕೊಡಿಸುತ್ತೇನೆಂದು ಯಾರಾದರೂ ಬಂದರೆ ಗೇಟಿನಿಂದಲೇ ಕಳುಹಿಸಿ, ಅದು ಅಪರಾಧ. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ ಹೊರದೇಶದ ಕರೆಗಳನ್ನು ಬಂದ್ ಮಾಡಿಸಬೇಕು. ಇಲ್ಲದಿದ್ದರೆ ಎಲ್ಲೋ ಕುಳಿತ ಕಳ್ಳರು ರಾತ್ರಿಯೆಲ್ಲ ನಮ್ಮ ಲೆಕ್ಕದಲ್ಲಿ ಮಾತನಾಡಿ ಬಿಲ್ಲು ನಮಗೆ ಬಿಡುತ್ತಾರೆ. 112ಕ್ಕೆ ಮಾತ್ರ ಮೊಬೈಲಿನಿಂದಲೇ ಕರೆ ಮಾಡುವುದು ಕ್ಷೇಮ. ಒಂದೇ ನಂಬರು ಎರಡು ಊರಲ್ಲಿ ರಿಂಗಾಗುವಾಗ ಕರೆ ಎಲ್ಲಿಂದ ಬಂತೆಂಬ ಗೊಂದಲ ಆಗಬಾರದು.

ಇಷ್ಟೆಲ್ಲ ಯೋಚಿಸಿ ನಾನು ಮಂಡಳಿಗೆ ಶಿಫಾರಸು ಮಾಡಿರುವುದು ಹೀಗೆ: ದಾವಣಗೆರೆ ಕಛೇರಿಯಲ್ಲಿ ಎರಡು, ಹರಿಹರದ ಗೋದಾಮಿನಲ್ಲಿ ಒಂದು ಉಪಕರಣ, ಒಂದು ಸುಗ್ಗಿಯ ಮಟ್ಟಿಗೆ ಪರೀಕ್ಷೆ. ಎರಡೂ ಕಡೆ ಬ್ಯಾಟರಿ. ಹಳೆಯ ಲೈನು ಇದ್ದಲ್ಲೇ ಇರತಕ್ಕದ್ದು. ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಮಾರುಕಟ್ಟೆಯ ದಿನ ಹನ್ನೊಂದು ಗಂಟೆಗೆ ಒಮ್ಮೆ, ಜೋರು ಮಳೆಯಲ್ಲಿ ಒಮ್ಮೆ, ಮೇನ್ ಸ್ವಿಚ್ ಆರಿಸಿ ಒಮ್ಮೆ ಮಾತನಾಡಿ ನೋಡುತ್ತೇವೆ. ಮೂರರಲ್ಲಿ ಒಂದು ಕೆಟ್ಟರೂ ಸಹಿ ಇಲ್ಲ.

ಮುಂದಿನ ತಿಂಗಳ ಸಭೆಯಲ್ಲಿ ಈ ವಿಷಯ ತೀರ್ಮಾನಕ್ಕೆ ಬರುವುದಿದೆ. ತಾವು ಸಾಮಾನ್ಯವಾಗಿ ಎಷ್ಟು ಗಂಟೆಗೆ ಫೋನು ಮಾಡುತ್ತೀರಿ, ಎಷ್ಟು ಸಲ ಎಂಗೇಜ್ ಬಂದಿತು, ಯಾವ ವಿಷಯಕ್ಕೆ ಮಾಡಿದ್ದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಮಾಲು ತಂದಾಗ ಹರಿಹರದ ಗುಮಾಸ್ತರ ಕೈಗೆ ಕೊಡಬೇಕೆಂದು ವಿನಂತಿ.

ಕಾರ್ಯದರ್ಶಿ