ವ್ಯಸನಮುಕ್ತಿ ಚಿಕಿತ್ಸೆ, ಆರೋಗ್ಯ ವಿಮೆ ಮತ್ತು ಉದ್ಯಮಿಯ ಹೊಣೆ

ಲೆಕ್ಕಪರಿಶೋಧನೆಯ ಸಮಯದಲ್ಲಿ ಕಾರ್ಮಿಕರ ಮುಂಗಡದ ಖಾತೆಯನ್ನು ತೆರೆದರೆ ಅನೇಕ ಸಂಗತಿಗಳು ತಾವಾಗಿಯೇ ಹೊರಬರುತ್ತವೆ. ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರ ಸಣ್ಣ ಘಟಕದಲ್ಲಿ ಒಬ್ಬನೇ ಕೆಲಸಗಾರನ ಹೆಸರಿನಲ್ಲಿ ರೂ. 46,000 ಬಾಕಿ ಇರುವುದು ಕಂಡುಬಂತು. ಆತ ಲೇತ್ ಯಂತ್ರದ ಮೇಲೆ ಹದಿನೆಂಟು ವರ್ಷ ದುಡಿದ ನುರಿತ ಕೆಲಸಗಾರ. ವಿಚಾರಿಸಿದಾಗ ಮಾಲೀಕರು ಹೇಳಿದರು: "ಕುಡಿತ ಬಿಡಿಸಲು ಆಸ್ಪತ್ರೆಗೆ ಸೇರಿಸಿದ್ದೆವು ಸಾರ್. ಗುಂಪು ವಿಮೆ ಇದೆಯೆಂದು ಧೈರ್ಯವಾಗಿದ್ದೆ. ಕಂಪನಿಯವರು ಒಂದು ಪೈಸೆಯನ್ನೂ ಕೊಡಲಿಲ್ಲ. ಬಿಲ್ಲನ್ನು ನಾನೇ ಕಟ್ಟಿ ಅವನ ಮುಂಗಡಕ್ಕೆ ಬರೆಸಿದೆ."

ತಿಂಗಳು ತಿಂಗಳು ಸಂಬಳದಲ್ಲಿ ಹಣ ಕಡಿತವಾಗತೊಡಗಿತು. ಕೆಲವು ತಿಂಗಳ ನಂತರ ಕುಡಿತ ಮರುಕಳಿಸಿದಾಗ ಆತ ಎರಡನೆಯ ಸಲ ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ. ಸಾಲ ಇನ್ನೂ ಬೆಳೆಯುವುದೆಂಬ ಭಯ. ಕೊನೆಗೆ ಕೆಲಸವನ್ನೇ ಬಿಟ್ಟ. ಅವನ ಸ್ಥಾನಕ್ಕೆ ಬಂದ ಇಬ್ಬರು ಹೊಸಬರಿಂದ ಆ ವರ್ಷ ತಿರಸ್ಕೃತ ಮಾಲು ಹೆಚ್ಚಿದ್ದನ್ನು ನಾನೇ ದಾಸ್ತಾನು ಪುಸ್ತಕದಲ್ಲಿ ನೋಡಿದ್ದೇನೆ. ಚಿಕಿತ್ಸೆ ಇತ್ತು, ಆಸ್ಪತ್ರೆ ಇತ್ತು, ವಿಮೆಯೂ ಇತ್ತು. ಅಡ್ಡಬಂದದ್ದು ವಿಮಾಪತ್ರದ ಒಂದು ಕಲಮು ಮಾತ್ರ.

ಸಮಸ್ಯೆಯ ಪ್ರಮಾಣ

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯಪಾನ ಮಾಡುತ್ತಾರೆ. ಮದ್ಯಕ್ಕೆ ಸಂಪೂರ್ಣ ಅಧೀನರಾದವರಲ್ಲಿ ಯಾವುದಾದರೊಂದು ಚಿಕಿತ್ಸೆ ಪಡೆದವರು 38 ಮಂದಿಗೆ ಒಬ್ಬರು. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180 ಮಂದಿಗೆ ಒಬ್ಬರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮದ್ಯ ಸಂಬಂಧಿ ಕಾಯಿಲೆ ಇರುವವರಲ್ಲಿ ಶೇ. 86ರಷ್ಟು ಜನರಿಗೆ ಚಿಕಿತ್ಸೆ ದೊರಕಿಲ್ಲವೆಂದು ತಿಳಿಸಿತು.

ಕಾಯಿದೆ ಏನನ್ನುತ್ತದೆ?

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು 2018ರ ಮೇ 29ರಿಂದ ಜಾರಿಗೆ ಬಂದಿದೆ. ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳು ಈ ಕಾಯಿದೆಯ 'ಮಾನಸಿಕ ಕಾಯಿಲೆ' ಎಂಬ ವ್ಯಾಖ್ಯೆಯಲ್ಲಿಯೇ ಸೇರಿವೆ. ಅಂದರೆ ವ್ಯಸನವನ್ನು ಶಾಸನವು ನಡತೆಯ ದೋಷವೆಂದು ಕಾಣದೆ ಕಾಯಿಲೆಯೆಂದು ಕಂಡಿದೆ. ಅದರ 21(4)ನೆಯ ಕಲಮಿನ ಪ್ರಕಾರ, ಶಾರೀರಿಕ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಒದಗಿಸಲಾಗುತ್ತದೆಯೋ ಅದೇ ಆಧಾರದ ಮೇಲೆ ಪ್ರತಿಯೊಬ್ಬ ವಿಮೆಗಾರನೂ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಒದಗಿಸತಕ್ಕದ್ದು.

ಹೀಗಿದ್ದರೂ ನನ್ನ ಕಕ್ಷಿದಾರರಿಗೆ ಹಣ ಬರಲಿಲ್ಲವೇಕೆ? ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರ ಸೆಪ್ಟೆಂಬರಿನಲ್ಲಿ ಆರೋಗ್ಯ ವಿಮೆಯ ಹೊರಗಿಡುವಿಕೆಗಳನ್ನು ಏಕರೂಪಗೊಳಿಸಿತು. ಮಾನಸಿಕ ಕಾಯಿಲೆಯನ್ನು ವಿಮೆಯಿಂದ ಹೊರಗಿಡಕೂಡದೆಂದು ಆ ಮಾರ್ಗಸೂಚಿಯ ಒಂದು ಭಾಗ ಹೇಳಿತು. ಅದೇ ಮಾರ್ಗಸೂಚಿಯ ಮತ್ತೊಂದು ಭಾಗವು ಮದ್ಯವ್ಯಸನ, ಮಾದಕ ವಸ್ತುಗಳ ದುರ್ಬಳಕೆ, ಇತರ ವ್ಯಸನ ಹಾಗೂ ಅವುಗಳ ಪರಿಣಾಮಗಳ ಚಿಕಿತ್ಸೆಯನ್ನು ಹೊರಗಿಡಲು ಒಂದು ಪ್ರಮಾಣಿತ ಕಲಮನ್ನೇ ಒದಗಿಸಿತು. ಅದರ ಸಂಕೇತ ಸಂಖ್ಯೆ 12. ಕಾಯಿದೆಯ ವ್ಯಾಖ್ಯೆಗೂ ಈ ಕಲಮಿಗೂ ಹೊಂದಾಣಿಕೆ ಇಲ್ಲವೆಂದು ನ್ಯಾಯಾಲಯದಲ್ಲಿ ವಾದಿಸಲು ಅವಕಾಶವುಂಟು. ಆದರೆ ಕೆಲಸಗಾರನು ಆಸ್ಪತ್ರೆಯ ಹಾಸಿಗೆಯಲ್ಲಿರುವಾಗ ವಾದವು ಬಿಲ್ಲನ್ನು ತೀರಿಸದು.

ರಾಜ್ಯ ಶಾಸನದ ಒಂದು ನಿದರ್ಶನ

ಇಂತಹ ವಿಮಾ ಅಡ್ಡಿಯನ್ನು ಶಾಸನದ ಮೂಲಕವೇ ನಿವಾರಿಸಿದ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿ ವಿಮೆಯ ನಿಯಂತ್ರಣ ಬಹುಮಟ್ಟಿಗೆ ರಾಜ್ಯಗಳ ಕೈಯಲ್ಲಿದೆ. ನ್ಯೂಜೆರ್ಸಿ ರಾಜ್ಯವು 2017ರ ಫೆಬ್ರವರಿಯಲ್ಲಿ ಅಂಗೀಕರಿಸಿದ ಕಾಯಿದೆಯು ವರ್ಷಕ್ಕೆ 180 ದಿನಗಳವರೆಗಿನ ವ್ಯಸನ ಚಿಕಿತ್ಸೆಗೆ ವಿಮಾ ಕಂಪನಿಯ ಪೂರ್ವಾನುಮತಿ ಬೇಕಿಲ್ಲವೆಂದು ವಿಧಿಸಿತು. ಮೊದಲ 28 ದಿನಗಳ ಒಳರೋಗಿ ಚಿಕಿತ್ಸೆಯ ಅಗತ್ಯವನ್ನು ವೈದ್ಯರೇ ನಿರ್ಣಯಿಸುತ್ತಾರೆ. ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ವಿಮೆ ಕೊಳ್ಳದೆ ತಮ್ಮ ಸ್ವಂತ ನಿಧಿಯಿಂದ ವೈದ್ಯಕೀಯ ವೆಚ್ಚ ಭರಿಸುವ ದೊಡ್ಡ ಕಂಪನಿಗಳ ಯೋಜನೆಗಳು, 1974ರ ಕೇಂದ್ರ ಕಾಯಿದೆಯ ಕಾರಣದಿಂದ, ಇಂತಹ ರಾಜ್ಯ ಶಾಸನಗಳ ಹೊರಗೆ ಉಳಿಯುತ್ತವೆ.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಿಮೆಯು ಕೇಂದ್ರ ಪಟ್ಟಿಯ 47ನೆಯ ವಿಷಯ. ಆದ್ದರಿಂದ ವಿಮಾಪತ್ರದ ಕಲಮನ್ನು ಬದಲಿಸುವಂತೆ ಬೆಂಗಳೂರಿನ ವಿಧಾನಸೌಧವನ್ನು ಕೇಳಿ ಫಲವಿಲ್ಲ. ದೆಹಲಿಯನ್ನೂ ಪ್ರಾಧಿಕಾರವನ್ನೂ ಕೇಳಬೇಕು. ಅಲ್ಲಿಯವರೆಗೆ ಕಲಮನ್ನು ಸಡಿಲಿಸುವ ಪ್ರಯತ್ನ ವಿಮೆ ಕೊಳ್ಳುವ ನಮ್ಮದೇ. ಗುಂಪು ವಿಮೆಯಲ್ಲಿ ಪ್ರೀಮಿಯಂ ಕಟ್ಟುವವರು ನಾವು. ಷರತ್ತುಗಳ ಬಗ್ಗೆ ಮಾತನಾಡುವ ಅಧಿಕಾರವೂ ನಮಗಿದೆ.

ಸದಸ್ಯರು ಮಾಡಬಹುದಾದದ್ದು

1. ವಿಮಾಪತ್ರವನ್ನು ನವೀಕರಿಸುವ ಮುನ್ನ ಹೊರಗಿಡುವಿಕೆಗಳ ಪುಟವನ್ನು ತಪ್ಪದೆ ಓದಿರಿ. ಸಂಕೇತ 12 ಇದ್ದರೆ ಅದನ್ನು ಕೈಬಿಡಲು, ಇಲ್ಲವೇ ಸೀಮಿತ ಮೊತ್ತದ ಮಟ್ಟಿಗಾದರೂ ಸಡಿಲಿಸಲು ಹೆಚ್ಚುವರಿ ಪ್ರೀಮಿಯಂ ಎಷ್ಟಾಗುವುದೆಂದು ಲಿಖಿತವಾಗಿ ಕೇಳಿರಿ.

2. ಕ್ಲೇಮು ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಮೊದಲು ಕಂಪನಿಯ ದೂರು ಅಧಿಕಾರಿಗೆ, ಅಲ್ಲಿ ಪರಿಹಾರ ದೊರೆಯದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ರಿಗೆ ದೂರು ಸಲ್ಲಿಸಬಹುದು. ಗುಂಪು ವಿಮೆಯ ದೂರುಗಳನ್ನೂ ಅಲ್ಲಿ ಸ್ವೀಕರಿಸುತ್ತಾರೆ, ಶುಲ್ಕವಿಲ್ಲ.

3. ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕರನ್ನು ಮೊದಲು ಇ.ಎಸ್.ಐ. ವೈದ್ಯರಿಗೆ ತೋರಿಸಿರಿ. ಚಂದಾ ಕಟ್ಟಿಯೂ ಸೌಲಭ್ಯ ಬಳಸದಿರುವುದು ನಷ್ಟವೇ ಸರಿ.

4. ಖಾಸಗಿ ಕೇಂದ್ರಕ್ಕೆ ಹಣ ಕಟ್ಟುವ ಮುನ್ನ ನೋಂದಣಿ ಪತ್ರ ಕೇಳಿರಿ. ಮಾನಸಿಕ ಆರೋಗ್ಯ ಸಂಸ್ಥೆಗಳು ನೋಂದಣಿಯಿಲ್ಲದೆ ನಡೆಯುವಂತಿಲ್ಲ. ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು ಕಾಯಿದೆಯು ಸ್ಪಷ್ಟವಾಗಿ ನಿಷೇಧಿಸಿದೆ.

5. ದೀರ್ಘಕಾಲ ವಿಪರೀತ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸುವ ಸಾಹಸ ಬೇಡ. ಫಿಟ್ಸ್, ಚಿತ್ತಭ್ರಮೆ ಉಂಟಾಗಿ ಪ್ರಾಣಾಪಾಯವಾಗಬಹುದು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ, ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗಗಳು ಇವೆ. ದೂರವಾಣಿ ಸಲಹೆಗೆ 14446 ಹಾಗೂ ಟೆಲಿ-ಮನಸ್ 14416 ಇವೆ.

6. ಗುಟ್ಟು ಕಾಪಾಡಿರಿ. ಚಿಕಿತ್ಸೆಯ ವಿವರ ಗೌಪ್ಯವಾಗಿರುವುದು ರೋಗಿಯ ಹಕ್ಕೆಂದು 23ನೆಯ ಕಲಮು ಹೇಳುತ್ತದೆ. ರಜೆಯ ಚೀಟಿಯಲ್ಲಿ 'ವೈದ್ಯಕೀಯ ಕಾರಣ' ಎಂದಿದ್ದರೆ ಸಾಕು.

ಗಾಂಜಾ ಮುಂತಾದ ಮಾದಕ ವಸ್ತುಗಳ ವಿಷಯದಲ್ಲಿ ಪೊಲೀಸರ ಭಯವೂ ಚಿಕಿತ್ಸೆಗೆ ಅಡ್ಡಿಯಾಗುತ್ತದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಗುರಿಯಾದ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, 1985ರ ಮಾದಕ ವಸ್ತುಗಳ ಕಾಯಿದೆಯ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಆ ರಕ್ಷಣೆ ರದ್ದಾಗಬಹುದು. ಇದನ್ನು ತಿಳಿದ ಮಾಲೀಕನು ಒಬ್ಬ ಯುವಕನಿಗೆ ಧೈರ್ಯ ಹೇಳಬಲ್ಲ.

ಕೊನೆಯ ಮಾತು

ಕುಡುಕನ ಚಿಕಿತ್ಸೆಗೆ ಅಂಗಡಿಯ ಹಣವೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಲೆಕ್ಕಿಗನಾಗಿ ನನ್ನ ಉತ್ತರ ಇಷ್ಟೇ: ಯಂತ್ರ ಕೆಟ್ಟರೆ ದುರಸ್ತಿ ವೆಚ್ಚ ಬರೆಯುತ್ತೇವೆ, ಗುಜರಿಗೆ ಹಾಕುವುದಿಲ್ಲ. ಹದಿನೆಂಟು ವರ್ಷದ ಕೈಗುಣ ಯಾವ ಪೇಟೆಯಲ್ಲಿಯೂ ಖರೀದಿಗೆ ಸಿಗದು.

ಮೇಲೆ ಹೇಳಿದ ಕಕ್ಷಿದಾರರು ಈಗ ಪ್ರತಿ ವರ್ಷ ವಿಮಾಪತ್ರದ ಕರಡನ್ನು ಸಹಿ ಮಾಡುವ ಮೊದಲು ನನ್ನಲ್ಲಿಗೆ ಕಳುಹಿಸುತ್ತಾರೆ. ಅಂತಹ ಚಿಕಿತ್ಸಾ ವೆಚ್ಚವನ್ನು ಮುಂಗಡವೆಂದು ಬರೆಯದೆ, ರಸೀದಿಗಳೊಂದಿಗೆ ಸಿಬ್ಬಂದಿ ಕಲ್ಯಾಣ ವೆಚ್ಚದಲ್ಲಿ ಬರೆಯುತ್ತಾರೆ. ಆ ಹಳೆಯ ಕೆಲಸಗಾರ ಮಾತ್ರ ಮರಳಿ ಬರಲಿಲ್ಲ. ಅವನ ಹೆಸರಿನ ಬಾಕಿಯನ್ನು ಕಳೆದ ವರ್ಷ ವಸೂಲಾಗದ ಸಾಲವೆಂದು ವಜಾ ಮಾಡಿದೆವು. ಸದಸ್ಯರು ಈ ತಿಂಗಳೇ ತಮ್ಮ ವಿಮಾಪತ್ರವನ್ನು ಕಪಾಟಿನಿಂದ ಹೊರತೆಗೆದು ಒಮ್ಮೆ ಓದಬೇಕೆಂದು ವಿನಂತಿ.